ಓಡಿದರೆ ಹಣ ಹೇಗೆ ಬರುತ್ತದೆ? ದೂರದೇಶದ ಬಡವರಿಗಾಗಿ ನಡೆಯುವ ದೇಣಿಗೆ ಓಟಗಳ ಲೆಕ್ಕ

ಮನೆಯವರ ವಾಟ್ಸಾಪ್ ಗುಂಪಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಸಂದೇಶ ಬರತೊಡಗಿದೆ. ಲಂಡನ್ನಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗನೋ, ಬೆಂಗಳೂರಿನ ಕಂಪನಿಯೊಂದರಲ್ಲಿರುವ ತಂಗಿಯ ಮಗಳೋ ಕಳಿಸಿದ ಸಂದೇಶ ಅದು. "ಮುಂದಿನ ತಿಂಗಳು ಮ್ಯಾರಥಾನ್ ಓಡುತ್ತಿದ್ದೇನೆ. ಆಫ್ರಿಕಾದ ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಸಂಸ್ಥೆಗಾಗಿ ಹಣ ಕೂಡಿಸುತ್ತಿದ್ದೇನೆ. ಕೈಲಾದಷ್ಟು ಕೊಡಿ" ಎಂದು ಬರೆದು, ಕೆಳಗೆ ಒಂದು ಕೊಂಡಿ ಹಾಕಿರುತ್ತಾರೆ.

ಮನೆಯ ಹಿರಿಯರಿಗೆ ಆಗ ಸಹಜವಾಗಿಯೇ ಪ್ರಶ್ನೆಗಳು ಹುಟ್ಟುತ್ತವೆ. ಓಡುವುದಕ್ಕೂ ನೀರಿನ ಬಾವಿಗೂ ಏನು ಸಂಬಂಧ? ಕೊಡುವುದಿದ್ದರೆ ಸುಮ್ಮನೆ ಕೊಡಬಾರದೇ, ಮೈ ದಣಿಸಿ ಓಡುವುದೇಕೆ? ಈ ಹಣ ನಿಜವಾಗಿ ಎಲ್ಲಿಗೆ ಹೋಗುತ್ತದೆ? ಕೇಳಿದರೆ ಮಕ್ಕಳು ಬೇಸರಪಟ್ಟಾರು ಎಂದು ಹಲವರು ಸುಮ್ಮನಿರುತ್ತಾರೆ. ಕೆಲವರು ಪ್ರೀತಿಗೆ ಕಟ್ಟುಬಿದ್ದು ಏನನ್ನೂ ನೋಡದೆ ಹಣ ಕಳಿಸುತ್ತಾರೆ. ಈ ಪ್ರಶ್ನೆಗಳು ಕೇಳಬೇಕಾದ ಪ್ರಶ್ನೆಗಳೇ. ಅವುಗಳಿಗೆ ಉತ್ತರ ತಿಳಿಸುವುದು ಈ ಲೇಖನದ ಉದ್ದೇಶ.

ಮೂವರ ನಡುವಿನ ವ್ಯವಹಾರ

ದೇಣಿಗೆ ಓಟದಲ್ಲಿ ಮೂವರು ಇರುತ್ತಾರೆ: ಓಡುವವರು, ಕೊಡುವವರು ಮತ್ತು ಹಣವನ್ನು ಕೆಲಸಕ್ಕೆ ಹಚ್ಚುವ ಸಂಸ್ಥೆ. ಓಟದಿಂದ ತಾನಾಗಿ ಒಂದು ಪೈಸೆಯೂ ಹುಟ್ಟುವುದಿಲ್ಲ. ಓಡುವವರು "ನಾನು ಇಷ್ಟು ಕಷ್ಟಪಡುತ್ತೇನೆ, ನೀವು ಇಷ್ಟು ಕೊಡಿ" ಎಂದು ತಮ್ಮ ಪರಿಚಯದವರನ್ನು ಕೇಳುತ್ತಾರೆ. ಬಂಧುಗಳು, ಗೆಳೆಯರು, ಕಚೇರಿಯ ಸಹೋದ್ಯೋಗಿಗಳು ಆ ಮಾತಿಗೆ ಬೆಲೆ ಕೊಟ್ಟು ಹಣ ಹಾಕುತ್ತಾರೆ. ದೂರದ ಸಂಸ್ಥೆಯ ಮೇಲೆ ಅವರಿಗೆ ನೇರವಾದ ನಂಬಿಕೆ ಇರಬೇಕೆಂದಿಲ್ಲ. ಓಡುವವರನ್ನು ನಂಬಿ ಕೊಡುತ್ತಾರೆ. ಅಂಗಡಿಯಲ್ಲಿ ಗುರುತಿನವರ ಮಾತಿನ ಮೇಲೆ ಹೊಸಬರಿಗೆ ಸಾಲ ಕೊಟ್ಟಂತೆ ಇದು. ಆದ್ದರಿಂದಲೇ ಮಧ್ಯದಲ್ಲಿ ನಿಂತವರ ಹೊಣೆ ದೊಡ್ಡದು.

ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಈ ಬಗೆಯ ನಡಿಗೆಗಳು ರೂಢಿಗೆ ಬಂದವು. ನಡೆಯುವವರು ಒಂದು ಹಾಳೆ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಮೈಲಿಗೆ ಇಷ್ಟು ಪೆನ್ನಿ ಎಂದು ನೆರೆಹೊರೆಯವರು ಹೆಸರಿನ ಮುಂದೆ ಬರೆಯುತ್ತಿದ್ದರು. ನಡಿಗೆ ಮುಗಿದ ಮೇಲೆ ಮತ್ತೆ ಅದೇ ಮನೆಗಳಿಗೆ ಹೋಗಿ ವಸೂಲಿ ಮಾಡಬೇಕು. ಅಂದರೆ ಎಲ್ಲವೂ ಉದ್ರಿ ವ್ಯವಹಾರ. ಬರೆದವರೆಲ್ಲ ಕೊಡುತ್ತಾರೆಂಬ ಭರವಸೆ ಇರಲಿಲ್ಲ. 2000ದ ನಂತರ ಜಸ್ಟ್‌ಗಿವಿಂಗ್‌ನಂಥ ಅಂತರ್ಜಾಲ ತಾಣಗಳು ಬಂದು ಉದ್ರಿ ಹೋಗಿ ನಗದು ಆಯಿತು. ಈಗ ಓಟಕ್ಕೆ ಮುಂಚೆಯೇ ಹಣ ಜಮಾ ಆಗುತ್ತದೆ, ರಸೀದಿ ಕೂಡಲೇ ಇಮೇಲ್‌ಗೆ ಬರುತ್ತದೆ. ಓಟಗಾರರಿಗೆ ಕಾಲು ಉಳುಕಿ ಅರ್ಧಕ್ಕೆ ನಿಂತರೂ ಕೊಟ್ಟ ಹಣ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ, ಸಂಸ್ಥೆಗೇ ಸೇರುತ್ತದೆ. ಕೊಡುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಎರಡು ಕೋಟಿ ಜನ ಓಡಿದ ದಿನ

ದೂರದೇಶದ ಹಸಿವಿಗಾಗಿ ಜನ ಓಡಿದ ಉದಾಹರಣೆಗಳಲ್ಲಿ ಬಹಳ ದೊಡ್ಡದು 1986ರ ಮೇ 25ರ ಭಾನುವಾರದ್ದು. 1984-85ರಲ್ಲಿ ಇಥಿಯೋಪಿಯ, ಸುಡಾನ್ ಮುಂತಾದ ಕಡೆ ಭೀಕರ ಬರಗಾಲ ಬಿದ್ದಿತ್ತು. ಅದರ ಪರಿಹಾರಕ್ಕಾಗಿ 1985ರ ಜುಲೈನಲ್ಲಿ ಗಾಯಕ ಬಾಬ್ ಗೆಲ್ಡಾಫ್ ಮತ್ತು ಸಂಗಡಿಗರು ಲೈವ್ ಏಡ್ ಎಂಬ ಸಂಗೀತ ಕಾರ್ಯಕ್ರಮ ನಡೆಸಿದ್ದರು. ಮರುವರ್ಷ ಅದೇ ಉದ್ದೇಶಕ್ಕೆ ಸ್ಪೋರ್ಟ್ ಏಡ್ ಎಂಬ ಹೆಸರಿನಲ್ಲಿ ಓಟ ಏರ್ಪಾಡಾಯಿತು.

ಸುಡಾನಿನ ಓಟಗಾರ ಒಮರ್ ಖಲೀಫಾ ಇದರ ಮುಖ್ಯ ವ್ಯಕ್ತಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಓಡಿದ್ದವರು ಅವರು. ತಮ್ಮ ದೇಶದ ನಿರಾಶ್ರಿತರ ಶಿಬಿರವೊಂದರ ಒಲೆಯ ಕೆಂಡದಿಂದ ಪಂಜು ಹೊತ್ತಿಸಿಕೊಂಡು ಯುರೋಪಿನ ರಾಜಧಾನಿಗಳ ಮೂಲಕ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಗೆ ತಲುಪಿದರು. ಅಲ್ಲಿ ಜ್ಯೋತಿ ಹೊತ್ತಿಸಿದಾಗ ಲೋಕದ ಹಲವೆಡೆ ಏಕಕಾಲಕ್ಕೆ ಓಟ ಆರಂಭವಾಯಿತು. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ 8 ಗಂಟೆ 30 ನಿಮಿಷ. 80ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 2 ಕೋಟಿ ಜನ ಓಡಿದರೆಂದು ಲೆಕ್ಕ. ಎರಡು ದಿನಗಳ ನಂತರ ಆಫ್ರಿಕಾದ ಬಿಕ್ಕಟ್ಟಿನ ಬಗ್ಗೆ ವಿಶ್ವಸಂಸ್ಥೆಯ ಮಹಾಸಭೆಯ ವಿಶೇಷ ಅಧಿವೇಶನ ಆರಂಭವಾಗುವುದಿತ್ತು. ಅಲ್ಲಿ ಕೂಡುವ ನಾಯಕರ ಕಣ್ಣಿಗೆ ಬೀಳಲಿ ಎಂದೇ ಆ ದಿನ ಆರಿಸಿದ್ದು.

ಕೂಡಿದ ಹಣ ಸುಮಾರು 3 ಕೋಟಿ 70 ಲಕ್ಷ ಡಾಲರ್. ಅದು ಯುನಿಸೆಫ್ ಮತ್ತು ಬ್ಯಾಂಡ್ ಏಡ್ ಸಂಸ್ಥೆಗಳಿಗೆ ಹೋಯಿತು. ಮೊತ್ತ ದೊಡ್ಡದೇ. ಆದರೆ ಓಡಿದ ತಲೆಗಳಿಂದ ಭಾಗಿಸಿ ನೋಡಿದರೆ ಒಬ್ಬರಿಗೆ ಎರಡು ಡಾಲರ್ ಕೂಡ ಬೀಳುವುದಿಲ್ಲ. ಅಂದಿನ ಓಟ ಜನರ ಮನಸ್ಸನ್ನು ಒಟ್ಟುಗೂಡಿಸಿತು, ನಾಯಕರ ಗಮನ ಸೆಳೆಯಿತು. ಹಣದ ಮಟ್ಟಿಗೆ ಮಾತ್ರ ಒಬ್ಬೊಬ್ಬರ ಮೇಲಿನ ಹೊಣೆ ಬಹಳ ಹಗುರವಾಗಿತ್ತು.

ಲಂಡನ್ ಓಟ: ಒಂದು ಜಾಗದ ಬೆಲೆ

ಇದಕ್ಕೆ ತೀರ ಬೇರೆಯಾದ ದಾರಿ ಲಂಡನ್ ಮ್ಯಾರಥಾನಿನದು. 1956ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಕ್ರಿಸ್ ಬ್ರಾಷರ್ 1979ರಲ್ಲಿ ನ್ಯೂಯಾರ್ಕಿನಲ್ಲಿ ಮ್ಯಾರಥಾನ್ ಓಡಿ ಬಂದರು. ಅಂಥದ್ದೇ ಓಟ ಲಂಡನ್ನಿನಲ್ಲೂ ಆಗಬೇಕೆಂದು ಗೆಳೆಯ ಜಾನ್ ಡಿಸ್ಲೆ ಜೊತೆ ಸೇರಿ ಪ್ರಯತ್ನಪಟ್ಟರು. ಮೊದಲ ಓಟ 1981ರ ಮಾರ್ಚ್ 29ರಂದು ನಡೆಯಿತು. ಅಮೆರಿಕದ ಡಿಕ್ ಬಿಯರ್ಡ್ಸ್‌ಲಿ ಮತ್ತು ನಾರ್ವೆಯ ಇಂಗೆ ಸೈಮನ್ಸೆನ್ ಇಬ್ಬರೂ ಕೈಕೈ ಹಿಡಿದು ಒಟ್ಟಿಗೇ ಗುರಿ ಮುಟ್ಟಿ ಗೆಲುವು ಹಂಚಿಕೊಂಡರು.

42.195 ಕಿಲೋಮೀಟರ್‌ನ ಈ ಓಟಕ್ಕೆ ಜಾಗ ಸಿಗುವುದು ಕಷ್ಟ. 2025ರ ಓಟದ ಚೀಟಿ ಎತ್ತುವಿಕೆಗೆ 8 ಲಕ್ಷ 40 ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದ್ದರು. ಬೇಡಿಕೆ ಇಷ್ಟಿರುವಾಗ ಜಾಗಕ್ಕೂ ಬೆಲೆ ಬರುತ್ತದೆ. 1993ರಿಂದ ಸೇವಾ ಸಂಸ್ಥೆಗಳೇ ಓಟದ ವ್ಯವಸ್ಥಾಪಕರಿಂದ ಕೆಲವು ಜಾಗಗಳನ್ನು ಹಣ ಕೊಟ್ಟು ಪಡೆಯುವ ಪದ್ಧತಿ ಬಂತು. ಒಂದು ಜಾಗಕ್ಕೆ ಸಂಸ್ಥೆ ಕೆಲವು ನೂರು ಪೌಂಡ್ ತೆರುತ್ತದೆ. ಆ ಜಾಗ ಬೇಕೆನ್ನುವವರು ಇಷ್ಟು ಹಣ ಕೂಡಿಸಿಕೊಡುತ್ತೇನೆಂದು ಸಂಸ್ಥೆಗೆ ಮಾತು ಕೊಡಬೇಕು. ಆ ಮೊತ್ತ ಸಾಮಾನ್ಯವಾಗಿ 2,000 ಪೌಂಡ್ ಆಸುಪಾಸಿನಲ್ಲಿ ಇಲ್ಲವೇ ಅದಕ್ಕಿಂತ ಹೆಚ್ಚು ಇರುತ್ತದೆ.

ಲೆಕ್ಕ ಹೀಗೆ ಹಾಕಬಹುದು. ಅರವತ್ತು ಜನ ತಲಾ 25 ಪೌಂಡ್ ಕೊಟ್ಟರೆ 1,500 ಆಯಿತು. ಉಳಿದ 500 ಪೌಂಡನ್ನು ಕಚೇರಿಯಲ್ಲಿ ತಿಂಡಿ ಮಾರಿಯೋ, ವಾರಾಂತ್ಯದಲ್ಲಿ ಊಟ ಏರ್ಪಡಿಸಿಯೋ ಕೂಡಿಸುತ್ತಾರೆ. ಕೊಟ್ಟವರು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರಾದರೆ ಗಿಫ್ಟ್ ಏಡ್ ಎಂಬ ಯೋಜನೆಯಡಿ ಪ್ರತಿ ಪೌಂಡಿಗೂ ಸರ್ಕಾರದಿಂದ 25 ಪೆನ್ಸ್ ಹೆಚ್ಚುವರಿಯಾಗಿ ಸಂಸ್ಥೆಗೆ ಸಿಗುತ್ತದೆ. ಅರವತ್ತು ಜನರೂ ಅಂಥವರಾಗಿದ್ದರೆ 1,500 ಪೌಂಡಿನ ಮೇಲೆ ಇನ್ನೂ 375 ಪೌಂಡ್ ಬಂದಂತಾಯಿತು.

2024ರ ಲಂಡನ್ ಓಟದಲ್ಲಿ ಗುರಿ ಮುಟ್ಟಿದವರು 53 ಸಾವಿರಕ್ಕೂ ಹೆಚ್ಚು, ಎಲ್ಲ ಸಂಸ್ಥೆಗಳಿಗೆ ಸೇರಿ ಕೂಡಿದ ದೇಣಿಗೆ 7 ಕೋಟಿ 35 ಲಕ್ಷ ಪೌಂಡ್. ತಲಾ 1,300 ಪೌಂಡ್‌ಗೂ ಹೆಚ್ಚಾಯಿತು. 1986ರ ಡಾಲರಿನ ಬೆಲೆಯೇ ಬೇರೆ, ಇಂದಿನ ಪೌಂಡಿನ ಬೆಲೆಯೇ ಬೇರೆ, ನಿಜ. ಆದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದೆ. ಮುಖ್ಯ ಕಾರಣ, ಇಲ್ಲಿ ಹಲವರು ಓಡುವ ಮೊದಲೇ ಇಷ್ಟು ಮೊತ್ತವೆಂದು ಮಾತು ಕೊಟ್ಟಿರುತ್ತಾರೆ. ಈ ಹಣವೆಲ್ಲ ಬಡ ದೇಶಗಳಿಗೆ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಬ್ರಿಟನ್ನಿನದೇ ಆಸ್ಪತ್ರೆಗಳು, ಕ್ಯಾನ್ಸರ್ ಸಂಶೋಧನೆ, ಮಕ್ಕಳ ಆರೈಕೆಗೂ ದೊಡ್ಡ ಪಾಲು ಹೋಗುತ್ತದೆ. ಆಕ್ಸ್‌ಫ್ಯಾಮ್, ವಾಟರ್‌ಏಡ್‌ನಂಥ ಅಂತರರಾಷ್ಟ್ರೀಯ ಸಂಸ್ಥೆಗಳು ಈ ಗುಂಪಿನಲ್ಲಿ ಒಂದು ಭಾಗ ಮಾತ್ರ.

ಹಾಂಗ್‌ಕಾಂಗ್‌ನಿಂದ ಬೆಂಗಳೂರಿಗೆ

ನಗರದ ರಸ್ತೆ ಬಿಟ್ಟು ಬೆಟ್ಟದ ಹಾದಿ ಹಿಡಿದ ದೇಣಿಗೆ ಓಟವೂ ಒಂದಿದೆ. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿದ್ದ ಗೂರ್ಖಾ ಸೈನಿಕರು ಮ್ಯಾಕ್‌ಲಿಹೋಸ್ ಎಂಬ 100 ಕಿಲೋಮೀಟರ್ ಬೆಟ್ಟದ ದಾರಿಯಲ್ಲಿ ತರಬೇತಿಗಾಗಿಯೂ ದೇಣಿಗೆಗಾಗಿಯೂ ನಡಿಗೆ ಶುರು ಮಾಡಿದರು. 1986ರಲ್ಲಿ ಆಕ್ಸ್‌ಫ್ಯಾಮ್ ಜೊತೆಗೂಡಿತು, ಸಾರ್ವಜನಿಕರಿಗೂ ಅವಕಾಶ ಸಿಕ್ಕಿತು. ಅದೇ ಟ್ರೇಲ್‌ವಾಕರ್. ನಾಲ್ವರ ತಂಡ 48 ಗಂಟೆಗಳ ಒಳಗೆ 100 ಕಿಲೋಮೀಟರ್ ಮುಗಿಸಬೇಕು. ಓಡಲೂಬಹುದು, ನಡೆಯಲೂಬಹುದು. ಒಬ್ಬರು ದಣಿದರೆ ಉಳಿದವರು ನಿಂತು ಜೊತೆಗೆ ಕರೆದೊಯ್ಯಬೇಕು. 2012ರಲ್ಲಿ ಇದು ಬೆಂಗಳೂರಿಗೂ ಬಂತು.

ನಮ್ಮ ನಗರಗಳ ದೊಡ್ಡ ಓಟಗಳಲ್ಲೂ ಈಗ ದೇಣಿಗೆಗೆ ಪ್ರತ್ಯೇಕ ವಿಭಾಗ ಇದೆ. ಮುಂಬೈ ಮ್ಯಾರಥಾನ್ 2004ರಲ್ಲಿ, ಬೆಂಗಳೂರಿನ 10 ಕಿಲೋಮೀಟರ್ ಓಟ 2008ರಲ್ಲಿ ಆರಂಭವಾದವು. ಓಡುವವರು ಒಂದು ಸಂಸ್ಥೆಯನ್ನು ಆರಿಸಿಕೊಂಡು ಅದಕ್ಕಾಗಿ ಹಣ ಕೂಡಿಸುತ್ತಾರೆ. ಕಂಪನಿಗಳು ತಮ್ಮ ನೌಕರರ ತಂಡಗಳನ್ನು ಕಳಿಸುತ್ತವೆ.

ಆ ಹಣದಿಂದ ಆಗುವ ಕೆಲಸ

ಆಕ್ಸ್‌ಫ್ಯಾಮ್ ಹುಟ್ಟಿದ್ದು 1942ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದಲ್ಲಿ. ಯುದ್ಧಕಾಲದಲ್ಲಿ ಗ್ರೀಸ್ ದೇಶದ ಜನ ಹಸಿವಿನಿಂದ ಸಾಯುತ್ತಿದ್ದಾಗ ಅವರಿಗೆ ಆಹಾರ ತಲುಪಿಸಬೇಕೆಂದು ಊರಿನ ಕೆಲವರು ಸಮಿತಿ ಮಾಡಿಕೊಂಡರು. ವಾಟರ್‌ಏಡ್ ಸಂಸ್ಥೆಯನ್ನು ಬ್ರಿಟನ್ನಿನ ನೀರು ಸರಬರಾಜು ವಲಯದವರು 1981ರಲ್ಲಿ ಕಟ್ಟಿದರು. ಕುಡಿಯುವ ನೀರು, ಶೌಚಾಲಯ, ಶುಚಿತ್ವ ಇವೇ ಅದರ ಕೆಲಸ. ಭಾರತದಲ್ಲೂ ಅದು ಕೆಲಸ ಮಾಡುತ್ತದೆ.

ಇಂಥ ಸಂಸ್ಥೆಗಳಿಗೆ ಸರ್ಕಾರಗಳಿಂದಲೂ ದೊಡ್ಡ ನಿಧಿಗಳಿಂದಲೂ ಹಣ ಬರುತ್ತದೆ. ಆದರೆ ಆ ಹಣಕ್ಕೆ ಕಟ್ಟುಪಾಡು ಹೆಚ್ಚು. ಇಂಥ ಜಿಲ್ಲೆ, ಇಷ್ಟು ಕೊಳವೆಬಾವಿ, ಇಷ್ಟು ವರ್ಷ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಅವಧಿ ಮುಗಿದ ಮೇಲೆ ಕೈಪಂಪಿನ ವಾಷರ್ ಸವೆದರೆ ಅದಕ್ಕೆ ಆ ಹಣದಲ್ಲಿ ಜಾಗವಿರುವುದಿಲ್ಲ. ರಿಪೇರಿ ಮಾಡುವವರಿಲ್ಲದೆ ಹಳ್ಳಿಯ ಹೆಂಗಸರು ಮತ್ತೆ ಹಳೆಯ ಕೆರೆಗೆ ಹೋಗಬೇಕಾಗುತ್ತದೆ. ಓಟಗಾರರು ಕೂಡಿಸಿದ ದೇಣಿಗೆ ಹೆಚ್ಚಾಗಿ ಇಂಥ ಕಟ್ಟುಪಾಡಿಲ್ಲದ ಹಣ. ಸಂಸ್ಥೆ ಅದನ್ನು ಎಲ್ಲಿ ಕೊರತೆ ಇದೆಯೋ ಅಲ್ಲಿಗೆ ಹಚ್ಚಬಹುದು: ಪಂಪು ದುರಸ್ತಿಗೆ, ಊರಿನವರ ತರಬೇತಿಗೆ, ಪ್ರವಾಹ ಬಂದ ದಿನವೇ ಲಾರಿ ಹೊರಡಿಸುವುದಕ್ಕೆ. ಕಚೇರಿ ಬಾಡಿಗೆ, ಲೆಕ್ಕ ಬರೆಯುವವರ ಸಂಬಳಕ್ಕೂ ಇದರಲ್ಲಿ ಒಂದು ಪಾಲು ಹೋಗುತ್ತದೆ. ಅದು ತಪ್ಪಲ್ಲ. ಲೆಕ್ಕ ಬರೆಯುವವರೇ ಇಲ್ಲದ ಸಂಸ್ಥೆಗೆ ಹಣ ಕೊಡುವುದು ತಳವಿಲ್ಲದ ಚೀಲಕ್ಕೆ ಅಕ್ಕಿ ಸುರಿದಂತೆ.

ನಂಬಿಕೆ ಮುರಿದಾಗ

ದೊಡ್ಡ ಹೆಸರೆಂದು ಕಣ್ಣುಮುಚ್ಚಿ ನಂಬುವುದೂ ಸರಿಯಲ್ಲ. 2010ರ ಭೂಕಂಪದ ನಂತರ ಹೈಟಿ ದೇಶಕ್ಕೆ ಪರಿಹಾರ ಕಾರ್ಯಕ್ಕೆ ಹೋಗಿದ್ದ ಆಕ್ಸ್‌ಫ್ಯಾಮ್‌ನ ಕೆಲವು ಸಿಬ್ಬಂದಿ ಅಲ್ಲಿನ ಮಹಿಳೆಯರೊಂದಿಗೆ ಅನೈತಿಕವಾಗಿ ನಡೆದುಕೊಂಡಿದ್ದ ಸಂಗತಿ 2018ರಲ್ಲಿ ಪತ್ರಿಕೆಗಳಲ್ಲಿ ಬಯಲಾಯಿತು. ಕೆಲವೇ ದಿನಗಳಲ್ಲಿ ಸುಮಾರು 7,000 ಮಂದಿ ತಮ್ಮ ನಿಯಮಿತ ದೇಣಿಗೆ ನಿಲ್ಲಿಸಿದರು. ಬ್ರಿಟನ್ನಿನ ಚಾರಿಟಿ ಆಯೋಗ ವಿಚಾರಣೆ ನಡೆಸಿ 2019ರಲ್ಲಿ ಸಂಸ್ಥೆಗೆ ಅಧಿಕೃತ ಎಚ್ಚರಿಕೆ ನೀಡಿತು.

ಇಂಥ ಸಮಯದಲ್ಲಿ ಪೆಟ್ಟು ಬೀಳುವುದು ಸಂಸ್ಥೆಯೊಂದಕ್ಕೇ ಅಲ್ಲ. ಅದರ ಹೆಸರಿನ ಬನಿಯನ್ ತೊಟ್ಟು ಓಡಿದವರು ತಮ್ಮ ಬಂಧುಗಳಿಗೆ ಉತ್ತರ ಹೇಳಬೇಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚಿನ ನಷ್ಟ ಆ ನೀರು, ಆ ಔಷಧ ಕಾಯುತ್ತಿದ್ದವರಿಗೆ. ಅವರು ಯಾವ ತಪ್ಪನ್ನೂ ಮಾಡಿರುವುದಿಲ್ಲ.

"ತೋರಿಸಿಕೊಂಡು ಕೊಡುವುದೇಕೆ?"

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಕೇಳಿ ಬೆಳೆದವರಿಗೆ ಈ ಓಟಗಳಲ್ಲಿನ ಫೋಟೋ, ಪದಕ, ಪ್ರಚಾರ ಮುಜುಗರ ತರುತ್ತವೆ. ಆಕ್ಷೇಪದಲ್ಲಿ ಹುರುಳಿದೆ. ಸಂಸ್ಥೆಯ ಹೆಸರು ಹೇಳಿ ತನ್ನ ಕೀರ್ತಿ ಬೆಳೆಸಿಕೊಳ್ಳುವವರೂ ಇರುತ್ತಾರೆ. ಕೂಡಿದ ಹಣದಲ್ಲೇ ವಿಮಾನದ ಟಿಕೆಟ್, ಹೋಟೆಲ್ ಖರ್ಚು ತೆಗೆಯುವ ಪ್ರವಾಸಗಳೂ ಉಂಟು. ಅಲ್ಲಿ ಕೊಟ್ಟವರ ಹಣ ಮೊದಲು ಓಡುವವರ ಪ್ರವಾಸಕ್ಕೆ, ಆಮೇಲೆ ಬಡವರಿಗೆ.

ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಕೊಡುವವರು ಗುಟ್ಟಾಗಿ ಕೊಡಬಹುದು, ಎಷ್ಟೋ ಜನ ಹೆಸರು ಹಾಕದೆ ಕೊಡುತ್ತಾರೆ. ಕೇಳುವವರು ಗುಟ್ಟಾಗಿ ಕೇಳಲಾಗದು. ತನಗಾಗಿ ಕೈಚಾಚಲು ನಾಚುವ ಮನುಷ್ಯ ಬೇರೆಯವರಿಗಾಗಿ ಕೇಳಬೇಕಾದರೆ ಅದಕ್ಕೊಂದು ನೆವ ಬೇಕು. ನಾಲ್ಕಾರು ತಿಂಗಳು ಬೆಳಗಿನ ಚಳಿಯಲ್ಲಿ ಎದ್ದು ಅಭ್ಯಾಸ ಮಾಡುವುದು, ಕೊನೆಯ ಮೈಲಿಗಳಲ್ಲಿ ಕಾಲು ಸೋತರೂ ನಿಲ್ಲದಿರುವುದು, ಇವು ಆ ನೆವ. "ನಾನೂ ಏನೋ ಕೊಡುತ್ತಿದ್ದೇನೆ, ನೀವೂ ಕೊಡಿ" ಎಂದು ಹೇಳುವ ಧೈರ್ಯ ಅದರಿಂದ ಬರುತ್ತದೆ. ಸಂಬಳ ಕಡಿಮೆ ಇರುವ ಯುವಕ ತಾನೊಬ್ಬನೇ ಕೊಡಲಾರದ ಮೊತ್ತವನ್ನು ಅರವತ್ತು ಜನರಿಂದ ಕೂಡಿಸಬಲ್ಲ. ಹನಿಗೂಡಿ ಹಳ್ಳ ಎಂಬುದು ಇದೇ.

ಕೊಡುವ ಮುನ್ನ ನೋಡಬೇಕಾದದ್ದು

ಮನೆಯ ಮಕ್ಕಳಿಂದ ಇಂಥ ಸಂದೇಶ ಬಂದಾಗ ಈ ಕೆಲವು ವಿಷಯ ವಿಚಾರಿಸಿದರೆ ಸಾಕು.

1. ಹಣ ಎಲ್ಲಿಗೆ ಜಮಾ ಆಗುತ್ತದೆ? ಸಂಸ್ಥೆಯ ಅಥವಾ ಗುರುತಿನ ದೇಣಿಗೆ ತಾಣದ ಖಾತೆಗೆ ಹೋಗಬೇಕು. ಓಡುವವರ ಸ್ವಂತ ಖಾತೆಗೆ ಹೋಗದಿರುವುದು ಇಬ್ಬರಿಗೂ ಕ್ಷೇಮ.

2. ಸಂಸ್ಥೆ ನೋಂದಾಯಿತವೇ? ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಂಸ್ಥೆಗಳ ನೋಂದಣಿ ಸಂಖ್ಯೆ ಮತ್ತು ವಾರ್ಷಿಕ ಲೆಕ್ಕಪತ್ರ ಚಾರಿಟಿ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ಹತ್ತು ನಿಮಿಷದಲ್ಲಿ ನೋಡಬಹುದು.

3. ಓಡುವವರ ಪ್ರವಾಸ, ಬೂಟು, ಪ್ರವೇಶ ಶುಲ್ಕದ ಖರ್ಚು ಯಾರದು? ಸ್ವಂತ ಜೇಬಿನಿಂದ ಎಂದರೆ ಒಳ್ಳೆಯದು. ದೇಣಿಗೆಯಿಂದ ಎಂದರೆ ಎಷ್ಟೆಂದು ಮೊದಲೇ ಹೇಳಿರಬೇಕು.

4. ಭಾರತದಲ್ಲಿರುವವರು ಬ್ರಿಟನ್ನಿನ ಪುಟದ ಮೂಲಕ ಕೊಡುವಾಗ ಗಿಫ್ಟ್ ಏಡ್ ಎಂಬಲ್ಲಿ ಗುರುತು ಹಾಕಬಾರದು. ಅದು ಅಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. ತಿಳಿಯದೆ ಹಾಕಿದರೂ ಸುಳ್ಳು ಹೇಳಿಕೆ ಕೊಟ್ಟಂತಾಗುತ್ತದೆ.

5. ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟ ಹಣಕ್ಕೆ ಇಲ್ಲಿ 80ಜಿ ಎಂದು ರೂಢಿಯಲ್ಲಿರುವ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅದು ಬೇಕಾದವರು ಭಾರತದಲ್ಲಿ ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟು, ಅದರಿಂದ ದೇಣಿಗೆಯ ಪ್ರಮಾಣಪತ್ರ ಪಡೆಯಬೇಕು. 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇದು ಅನ್ವಯಿಸದು.

ಓಡಲು ಹೊರಟವರಿಗೆ

ಓಡುವವರೂ ಕೆಲವು ಮಾತು ನೆನಪಿಡಬೇಕು. ಸಂಸ್ಥೆಯ ಜಾಗ ಪಡೆಯುವ ಮುನ್ನ ಒಪ್ಪಂದವನ್ನು ಪೂರ್ತಿ ಓದಬೇಕು. ಗುರಿಯ ಮೊತ್ತ ಮುಟ್ಟದಿದ್ದರೆ ಉಳಿದದ್ದನ್ನು ಯಾರು ತುಂಬಬೇಕು, ಗಾಯವಾಗಿ ಓಡಲಾಗದಿದ್ದರೆ ಜಾಗ ಮುಂದಿನ ವರ್ಷಕ್ಕೆ ಸಿಗುತ್ತದೆಯೇ ಎಂಬುದು ಅದರಲ್ಲಿ ಇರುತ್ತದೆ. ಬರಿಯ ಸಂದೇಶ ಕಳಿಸಿ ಸುಮ್ಮನಾಗುವ ಬದಲು ಅಜ್ಜಿ, ದೊಡ್ಡಪ್ಪ, ಸೋದರಮಾವನಿಗೆ ಫೋನ್ ಮಾಡಿ ಆ ಸಂಸ್ಥೆಯನ್ನೇ ಏಕೆ ಆರಿಸಿದಿರಿ ಎಂದು ತಿಳಿಸಿದರೆ ಅವರ ಸಂಶಯ ಅಲ್ಲಿಗೇ ತೀರುತ್ತದೆ. ವಯಸ್ಸಾದವರು, ಮೊದಲ ಬಾರಿ ಓಡುವವರು ವೈದ್ಯರನ್ನು ಕಂಡು ಬಂದ ಮೇಲೆಯೇ ಅಭ್ಯಾಸ ಶುರು ಮಾಡಲಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಓಟ ಮುಗಿದ ಮೇಲೆ ಲೆಕ್ಕ ಒಪ್ಪಿಸುವುದು. ಹಲವರು ಪದಕದ ಫೋಟೋ ಕಳಿಸಿ ಸುಮ್ಮನಾಗುತ್ತಾರೆ. ಒಟ್ಟು ಎಷ್ಟು ಕೂಡಿತು, ಎಷ್ಟು ಜನ ಕೊಟ್ಟರು, ಯಾವ ದಿನ ಸಂಸ್ಥೆಗೆ ಸೇರಿತು ಎಂದು ನಾಲ್ಕು ಸಾಲು ಬರೆದು ಕೊಟ್ಟವರಿಗೆಲ್ಲ ಕಳಿಸಬೇಕು. ವರ್ಷದ ಬಳಿಕ ಸಂಸ್ಥೆಯ ವರದಿ ಬಂದಾಗ ಅದರ ಒಂದು ಪುಟವನ್ನೂ ಹಂಚಿಕೊಳ್ಳಬಹುದು. ಹತ್ತು ಪೌಂಡ್ ಕೊಟ್ಟವರಿಗೂ ನೂರು ಪೌಂಡ್ ಕೊಟ್ಟವರಿಗೂ ಅದೇ ಲೆಕ್ಕ ಹೋಗಬೇಕು. ಹಾಗೆ ಮಾಡಿದವರು ಮುಂದಿನ ವರ್ಷ ಕೇಳಿದಾಗ ಮನೆಯವರು ಮರುಮಾತಾಡದೆ ಕೊಡುತ್ತಾರೆ. ಇನ್ನೊಂದು ಮನೆಯ ಮಗ ಅಥವಾ ಮಗಳು ಬೇರೊಂದು ಒಳ್ಳೆಯ ಕೆಲಸಕ್ಕೆ ಕೇಳಿದಾಗಲೂ ಕೊಡುತ್ತಾರೆ.

ಮುಂದಿನ ಸಲ ಮನೆಯ ಗುಂಪಿಗೆ ಇಂಥ ಸಂದೇಶ ಬಂದರೆ ಹಿರಿಯರು ಸಂಕೋಚವಿಲ್ಲದೆ ಪ್ರಶ್ನೆ ಕೇಳಲಿ, ಕಿರಿಯರು ಬೇಸರಿಸದೆ ಉತ್ತರ ಹೇಳಲಿ. ಉತ್ತರ ಸರಿ ಕಂಡರೆ ಕೈಲಾದಷ್ಟು ಕೊಟ್ಟು, ಓಟದ ದಿನ ಬೆಳಿಗ್ಗೆ ಒಂದು ಫೋನ್ ಮಾಡಿ "ಹುಷಾರಾಗಿ ಓಡಪ್ಪ", "ನಿಧಾನಕ್ಕೆ ಹೋಗು ತಾಯಿ" ಎಂದು ಹರಸಲಿ.